ಹನ್ನೊಂದು ಅಂದವರು ಯಾರು?

ಜೂನ್ ೨೧

ಅಮ್ಮಾ,

ಪೆಟ್ಟಿಗೆಯ ಬೀಗದ ಕೈ ಸಿಕ್ಕಿತು, ಮನೆಯಲ್ಲಿ ಹುಡುಕಬೇಡ. ಚಪ್ಪಲಿಯೊಳಗೇ ಬಿದ್ದಿತ್ತು.

ಹಾಸ್ಟೆಲಿನಲ್ಲಿ ನಮ್ಮದು ಮೇಲಿನ ಮಹಡಿಯ ಉದ್ದ ಕೋಣೆ. ಎರಡೂ ಗೋಡೆಗೆ ಸಾಲಾಗಿ ಕಬ್ಬಿಣದ ಮಂಚಗಳು. ನನ್ನದು ಕೊನೆಯದು, ಕಿಟಕಿ ಪಕ್ಕದ್ದು. ನೀರಿನ ಟ್ಯಾಂಕು, ಬಟ್ಟೆ ಒಣಹಾಕುವ ತಂತಿ, ಅದರಾಚೆ ಕಾಂಪೌಂಡು ಗೋಡೆ ಕಾಣುತ್ತವೆ. ಗಾಳಿ ಚೆನ್ನಾಗಿದೆ. ಇಷ್ಟು ಒಳ್ಳೆಯ ಜಾಗವನ್ನು ಹೊಸಬಳಿಗೆ ಯಾಕೆ ಬಿಟ್ಟರೋ! ಪಕ್ಕದ ಮಂಚದವಳನ್ನು ಎಲ್ಲರೂ 'ಕನ್ನಡಕ' ಅಂತಲೇ ಕರೆಯುವುದು. ಮುತ್ತು ಪೋಣಿಸಿದಂಥ ಅಕ್ಷರ ಅವಳದು. ನನ್ನ ಕಾಗೆ ಕಾಲು ನೋಡಿ ನಕ್ಕಳು.

ಇನ್ನೊಬ್ಬಳಿದ್ದಾಳೆ, ಮಾನಿಟರ್. ಎತ್ತರದ ಹುಡುಗಿ, ಮೆಲ್ಲಗೆ ಮಾತಾಡುತ್ತಾಳೆ. ಅವಳು ಮೆಲ್ಲಗೆ ಮಾತಾಡಿದರೆ ಉಳಿದವರೆಲ್ಲ ಸುಮ್ಮನಾಗುತ್ತಾರೆ. ಕೆಳಗಿನ ತರಗತಿಯ ಪುಟ್ಟ ಹುಡುಗಿಯೊಬ್ಬಳಿಂದ ದಿನಾ ಕಾಲುಚೀಲ ಒಗೆಸುತ್ತಾಳಮ್ಮ. ನಿನ್ನೆ ಊಟದ ಮನೆಯಲ್ಲಿ ನನಗೆ ತಡೆಯಲಾಗಲಿಲ್ಲ. "ನಿನ್ನ ಕಾಲು ಅಷ್ಟೊಂದು ದೂರ ಇದ್ಯಾ, ನಿನ್ನ ಕೈಗೆ ಎಟುಕಲ್ವಾ?" ಅಂದುಬಿಟ್ಟೆ. ಇಡೀ ಮೇಜು ಗೊಳ್ಳೆಂದು ನಕ್ಕಿತು. ಅವಳೂ ನಕ್ಕಳು.

ಫೋನು ಆಫೀಸಿನಲ್ಲಿ ಮಾತ್ರ, ಅದೂ ವಾರ್ಡನ್ ಮೇಡಂ ಎದುರಿಗೇ. ಅದಕ್ಕಿಂತ ಪತ್ರವೇ ವಾಸಿ.

ನಿನ್ನ
ಗುಬ್ಬಿ


ಜುಲೈ ೨

ಗುಬ್ಬೀ,

ಕಾಲುಚೀಲದ ಸಂಗತಿ ಓದಿ ಕಂಟ್ರೋಲ್ ರೂಮಿನಲ್ಲಿ ಒಬ್ಬಳೇ ನಕ್ಕೆ. ಥೇಟ್ ನಿನ್ನ ಅಪ್ಪನ ಬಾಯಿ ನಿನಗೆ. ಅವರು ಹೋದ ಮೇಲೆ ಅವರ ಕೆಲಸ ನನಗೆ ಬಂತು, ಬಾಯಿ ನಿನಗೆ ಹೋಯಿತು.

ಇಲ್ಲಿ ನೀರು ಏರುತ್ತಿದೆ. ಈ ಸಲ ಅಣೆಕಟ್ಟು ಬೇಗ ತುಂಬುವ ಹಾಗಿದೆ. ಗೇಟು ಎತ್ತುವ ಮುಂಚೆ ಸೈರನ್ ಒತ್ತುತ್ತೇನಲ್ಲ, ಆಗ ಹೊಳೆಯಂಚಿನ ನಾಯಿಗಳೆಲ್ಲ ಎದ್ದು ದಿಬ್ಬ ಹತ್ತುತ್ತವೆ. ಮನುಷ್ಯರನ್ನೇ ಕೂಗಿ ಕೂಗಿ ಎಬ್ಬಿಸಬೇಕು.

ಹೊಸ ಜಾಗ, ಸ್ವಲ್ಪ ನೋಡಿಕೊಂಡು ಮಾತಾಡು ಅಂತ ಹೇಳಬೇಕು ಅನ್ನಿಸುತ್ತದೆ, ಆದರೆ ಹೇಳಲು ಮನಸ್ಸಿಲ್ಲ. ಹೊಟ್ಟೆ ತುಂಬ ತಿನ್ನು.

ಅಮ್ಮ


ಜುಲೈ ೧೭

ಅಮ್ಮಾ,

ಇವರು ಒಂದು ಆಟ ಶುರುಮಾಡಿದ್ದಾರೆ. ನಾನು ಇಲ್ಲ ಅನ್ನುವ ಆಟ.

ಮೊದಲು ನನಗೆ ಗೊತ್ತೇ ಆಗಲಿಲ್ಲ. ಬೆಳಿಗ್ಗೆ "ಬಕೆಟ್ ಯಾರದು?" ಅಂತ ಕೇಳಿದೆ, ಯಾರೂ ಉತ್ತರ ಕೊಡಲಿಲ್ಲ. ತರಗತಿಯಲ್ಲಿ ನನ್ನ ಜಾಗದಲ್ಲಿ ಚೀಲಗಳನ್ನು ಪೇರಿಸಿದ್ದರು. ಎತ್ತಿಟ್ಟು ಕೂತೆ. ಒಬ್ಬಳು ಬಂದು ತನ್ನ ಚೀಲವನ್ನು ನನ್ನ ತೊಡೆಯ ಮೇಲೇ ಇಟ್ಟು ಹೋದಳು, ಬೆಂಚಿನ ಮೇಲೆ ಇಟ್ಟಷ್ಟೇ ಸಲೀಸಾಗಿ. ಸಿಟ್ಟಿಲ್ಲ, ಮುಸಿಮುಸಿ ನಗು ಇಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ನನ್ನ ಕಡೆ ತಿರುಗಿದ ಕಣ್ಣುಗಳು ನನ್ನಲ್ಲಿ ನಿಲ್ಲುವುದಿಲ್ಲ, ಹಿಂದಿನ ಗೋಡೆಗೆ ಹೋಗುತ್ತವೆ.

ಕನ್ನಡಕವನ್ನು ಸ್ನಾನದ ಮನೆಯಲ್ಲಿ ಹಿಡಿದು ನಿಲ್ಲಿಸಿದೆ. "ನೀನಾದ್ರೂ ಮಾತಾಡೇ" ಅಂದೆ. ಅವಳು ನಲ್ಲಿ ತಿರುಗಿಸಿ, ಕೈ ತೊಳೆದು, ನನ್ನ ಹಿಡಿತದಿಂದ ತೋಳು ಬಿಡಿಸಿಕೊಂಡು ಹೋದಳು. ಬಾಗಿಲ ಮೊಳೆಗೆ ಸಿಕ್ಕಿದ ಬಟ್ಟೆಯನ್ನು ಬಿಡಿಸಿಕೊಂಡ ಹಾಗಿತ್ತು.

ಎಷ್ಟು ದಿನ ಆಡುತ್ತಾರೆ ನೋಡೋಣ.

ಗುಬ್ಬಿ


ಜುಲೈ ೨೬

ಕಂದಾ,

ನೀನು ಅಳಲಿ ಅಂತ ಕಾಯುತ್ತಿದ್ದಾರೆ ಅಷ್ಟೆ. ಅಳಬೇಡ, ರೇಗಬೇಡ. ನಿನಗೂ ಅವರು ಲೆಕ್ಕಕ್ಕಿಲ್ಲ ಅನ್ನುವ ಹಾಗೆ ಓದಿಕೊಂಡಿರು. ಎರಡು ದಿನಕ್ಕೆ ಬೇಜಾರಾಗಿ ಬಿಡುತ್ತಾರೆ. ಹುಡುಗಾಟ ಯಾವಾಗಲೂ ಹಾಗೇ.

ಇಲ್ಲಿ ದಿನಾ ಗೇಟು ಎತ್ತುತ್ತಿದ್ದೇವೆ. ನನ್ನ ಪಾಳಿ ಬದಲಾಯಿಸಲು ಯಾರೂ ಇಲ್ಲ. ನಿನ್ನ ಹಳೆಯ ಸ್ವೆಟರ್ ಬಿಚ್ಚಿ ಹೊಸದು ಹೆಣೆಯುತ್ತಿದ್ದೇನೆ. ಕತ್ತಿನ ಅಳತೆ ಬರೆದು ಕಳಿಸು.

ಅಮ್ಮ


ಆಗಸ್ಟ್ ೧೧

ಅಮ್ಮಾ,

ನಿನ್ನ ಮಾತಿನ ಹಾಗೆಯೇ ಸುಮ್ಮನಿದ್ದೆ. ನಾನು ಸುಮ್ಮನಾದದ್ದು ಅವರಿಗೆ ಅನುಕೂಲವೇ ಆಯಿತು.

ಈಗ ನನ್ನ ಬಗ್ಗೆ ಮಾತಾಡುತ್ತಾರೆ. ನಾನು ಅಲ್ಲೇ ಕೂತಿರುವಾಗ. "ಪಾಪ, ಒಳ್ಳೇ ಹುಡುಗಿ ಇದ್ಲು." "ಹೂಂ ಕಣೇ, ಚೆನ್ನಾಗಿ ಹಾಡ್ತಿದ್ಲು." ತರಗತಿಯ ಫೋಟೋದಿಂದ ನನ್ನ ಮುಖವನ್ನು ಕತ್ತರಿಸಿ ಕಿಟಕಿಯ ಕಟ್ಟೆಯ ಮೇಲೆ ಇಟ್ಟಿದ್ದಾರೆ. ಪಕ್ಕದಲ್ಲಿ ಗಾಜಿನ ಲೋಟ, ಅದರಲ್ಲಿ ಹೂವು. ಮಾನಿಟರ್ ದಿನಾ ನೀರು ಬದಲಾಯಿಸುತ್ತಾಳೆ. ನಾನು ಲೋಟವನ್ನು ಹೊರಗೆ ಎಸೆದೆ. ಸಂಜೆ ಬಂದು ನೋಡಿದರೆ ಬೇರೆ ಲೋಟ, ಬೇರೆ ಹೂವು. ಯಾರೂ ಬೈಯಲಿಲ್ಲ. "ಗಾಳಿ ಜೋರು" ಅಂದುಕೊಂಡರು.

ಸಂಜೆ ವರಾಂಡದಲ್ಲಿ ಎಣಿಕೆ ಇರುತ್ತದೆ. ವಾರ್ಡನ್ ಮೇಡಂ ಮೊಬೈಲ್ ನೋಡುತ್ತಾ ನಿಲ್ಲುತ್ತಾರೆ, ನಾವು ಸಾಲಾಗಿ ಒಂದು, ಎರಡು ಅಂತ ಕೂಗಬೇಕು. ನನ್ನದು ಹನ್ನೊಂದು. ನಾನು "ಹನ್ನೊಂದು" ಅಂದ ಕೂಡಲೇ ಪಕ್ಕದ ಕನ್ನಡಕವೂ "ಹನ್ನೊಂದು" ಅನ್ನುತ್ತಾಳೆ, ನನಗಿಂತ ಜೋರಾಗಿ. ಕೊನೆಯಲ್ಲಿ ಒಂದು ಕಡಿಮೆ ಬರುತ್ತದೆ. "ಒಬ್ಳು ಎಲ್ಲಿ?" ಅನ್ನುತ್ತಾರೆ ಮೇಡಂ. "ಎಲ್ಲಾ ಇದೀವಿ ಮೇಡಂ" ಅನ್ನುತ್ತಾಳೆ ಮಾನಿಟರ್. ಸರಿ ಅಂತ ಹೊರಟುಹೋಗುತ್ತಾರೆ. ನಾನು ಅವರ ಎದುರಿಗೇ ನಿಂತಿರುತ್ತೇನೆ.

ನಿನ್ನೆ ನಾನು ಹನ್ನೊಂದು ಅನ್ನಲಿಲ್ಲ. ಬಾಯಿ ಬರಲಿಲ್ಲ. ಆಮೇಲೆ ಅನ್ನಿಸಿತು, ಅಷ್ಟು ದಿನವೂ ನಿಜವಾಗಿ ಅಂದಿದ್ದೆನಾ ಅಂತ.

ಅಮ್ಮಾ, ಈ ಅಕ್ಷರ ನನ್ನದೇ ತಾನೆ? ನನ್ನ ಪತ್ರಗಳು ನಿನಗೆ ತಲುಪುತ್ತಿವೆ ತಾನೆ?


(ಕೆಳಗೆ ಹೆಸರು ಹಾಕಿಲ್ಲ. ನಾನೇ.)


ಆಗಸ್ಟ್ ೧೯

ಗುಬ್ಬೀ, ನನ್ನ ಗುಬ್ಬೀ,

ತಲುಪುತ್ತಿವೆ. ನಿನ್ನದೇ ಅಕ್ಷರ. ಅದೇ ಕಾಗೆ ಕಾಲು. ಒಂದೊಂದು ಪತ್ರವನ್ನೂ ಎತ್ತಿಟ್ಟಿದ್ದೇನೆ.

ಹಾಸ್ಟೆಲಿಗೆ ಫೋನು ಮಾಡಿದ್ದೆ. ವಾರ್ಡನ್ ಎತ್ತಿದರು. ಏನು ಹೇಳಿದರು ಗೊತ್ತಾ? "ನಿಮ್ಮ ಮಗಳಾ? ಒಂದು ದೂರಿಲ್ಲ ಅಮ್ಮ. ಇದ್ದಾಳೋ ಇಲ್ವೋ ಅಂತಾನೇ ಗೊತ್ತಾಗಲ್ಲ, ಅಷ್ಟು ಸಾಧು." ಹೊಗಳಿದರಂತೆ. ನಿನ್ನನ್ನು ಕರೆಯಿರಿ ಅಂದೆ. ಯಾರನ್ನೋ ಕಳಿಸಿದರು. ಹೋದವಳು ಬಂದು "ಕೋಣೆಯಲ್ಲಿ ಯಾರೂ ಇಲ್ಲ ಮೇಡಂ" ಅಂದದ್ದು ನನಗೂ ಕೇಳಿಸಿತು. ಮೆಲ್ಲನೆಯ ದನಿ.

ಸುಮ್ಮನಿರು ಅಂತ ಹಿಂದೆ ಬರೆದದ್ದನ್ನು ಮರೆತುಬಿಡು. ಸುಮ್ಮನಿರಬೇಡ. ನೀರು ಒಂದು ಮಟ್ಟಕ್ಕೆ ಬರಲಿ, ಯಾರ ಕೈಕಾಲು ಹಿಡಿದಾದರೂ ರಜೆ ಹಾಕಿ ಬರುತ್ತೇನೆ. ಅಲ್ಲಿಯವರೆಗೆ ದಿನಾ ಕನ್ನಡಿಯ ಮುಂದೆ ನಿಂತು ಜೋರಾಗಿ ಏನಾದರೂ ಓದು. ಪಾಠವನ್ನೇ ಓದು.

ಅಮ್ಮ


ಆಗಸ್ಟ್ ೨೪

ಗೌರವಾನ್ವಿತ ತಾಯಿಯವರಿಗೆ,

ನಿಮ್ಮ ಮಗಳ ಅಗಲಿಕೆಯಿಂದ ನಮಗೆಲ್ಲರಿಗೂ ತುಂಬಲಾರದ ನಷ್ಟವಾಗಿದೆ. ಅವಳು ಮೃದು ಸ್ವಭಾವದವಳಾಗಿದ್ದಳು, ಯಾರ ಮನಸ್ಸನ್ನೂ ನೋಯಿಸಿದವಳಲ್ಲ. ನಿನ್ನೆ ಕೋಣೆಯಲ್ಲಿ ಎಲ್ಲರೂ ಎದ್ದು ನಿಂತು ಮೌನ ಆಚರಿಸಿದೆವು. ಅವಳ ಮಂಚವನ್ನು ಶುಚಿಯಾಗಿ ಇಟ್ಟುಕೊಂಡಿದ್ದೇವೆ. ತಾವು ಬಿಡುವಾದಾಗ ಬಂದು ಅವಳ ಪೆಟ್ಟಿಗೆಯನ್ನು ಒಯ್ಯಬೇಕಾಗಿ ವಿನಂತಿ.

ತಮ್ಮ ದುಃಖದಲ್ಲಿ ಭಾಗಿಗಳಾದ
ಮೇಲಿನ ಕೋಣೆಯ ಗೆಳತಿಯರು


ಸೆಪ್ಟೆಂಬರ್ ೩

ವಾರ್ಡನ್ ಅವರಿಗೆ,

ಹೋದ ವಾರ ನಿಮ್ಮ ಆಫೀಸಿನಲ್ಲಿ ನನಗೆ ಮಾತು ಹೊರಡಲಿಲ್ಲ. ಮಗಳ ಕೈ ಹಿಡಿದುಕೊಂಡು ಬಸ್ಸು ಹತ್ತಿದೆ. ಅಲ್ಲಿ ಹೇಳದೆ ಬಂದದ್ದನ್ನು ಈಗ ಬರೆಯುತ್ತಿದ್ದೇನೆ.

ಹುಡುಗಿಯರು ಕಳಿಸಿದ ಸಂತಾಪದ ಪತ್ರವನ್ನು ಇದರೊಂದಿಗೆ ಇಟ್ಟಿದ್ದೇನೆ. ಮುದ್ದಾದ ಅಕ್ಷರ, ಒಂದು ತಪ್ಪಿಲ್ಲ. ಅದು ಕೈಗೆ ಬಂದಾಗ ನಾನು ಅಣೆಕಟ್ಟಿನ ಗೇಟಿನ ಮೇಲಿದ್ದೆ. ಆಟ ಅಂತ ಗೊತ್ತಿತ್ತು. ಆದರೂ ಬಸ್ಸಿನಲ್ಲಿ ಕೂತಷ್ಟು ಹೊತ್ತೂ, ಆಟ ಅಲ್ಲದೆ ಹೋದರೆ ಅಂತ ಯೋಚಿಸುತ್ತಿದ್ದೆ. ಹೆತ್ತವಳಿಗೆ ಮಗಳು ಸತ್ತಳು ಅಂತ ಬರೆಯುವುದು ಎಂಥ ಆಟವೆಂದು ನೀವೇ ಹೇಳಿ.

ನಾನು ಬಂದಾಗ ಮಟಮಟ ಮಧ್ಯಾಹ್ನ. ನಿಮ್ಮನ್ನು ಕೇಳದೆ ನೇರ ಮೇಲೆ ಹತ್ತಿದೆ. ನನ್ನನ್ನು ಕಂಡು ಎಲ್ಲ ಹುಡುಗಿಯರೂ ಎದ್ದು ನಿಂತರು. ತಲೆ ತಗ್ಗಿಸಿದರು. ಎತ್ತರದವಳು ಬಂದು ನನ್ನ ಎರಡೂ ಕೈ ಹಿಡಿದು, "ಧೈರ್ಯ ತಂದ್ಕೊಳ್ಳಿ ಆಂಟಿ" ಅಂದಳು. ಅವಳ ಕಣ್ಣಲ್ಲಿ ನೀರಿತ್ತು. ನಿಜವಾದ ನೀರು. ಕಿಟಕಿ ಪಕ್ಕದ ಮಂಚದ ಮೇಲೆ ಬಿಳಿ ಹಾಸು, ಒಂದು ಸುಕ್ಕಿಲ್ಲ. ಹೂವು. ಫೋಟೋ. ಬಿಸಿಲು ಬೀಳುತ್ತಿತ್ತು.

ಮಗಳು ಕಾಣಲಿಲ್ಲ. ಇದನ್ನು ನಾನು ಯಾರಿಗೂ ಹೇಳಿಲ್ಲ, ನಿಮಗೆ ಹೇಳುತ್ತಿದ್ದೇನೆ. ನಾನು ಹೆತ್ತವಳು, ಮಂಚದವರೆಗೂ ಹೋಗಿ ಆ ಕಡೆ ಈ ಕಡೆ ನೋಡಿದೆ, ನನಗೂ ಕಾಣಲಿಲ್ಲ. ಅವಳು ಅಲ್ಲೇ ಇದ್ದಳು. ಮಂಚಕ್ಕೂ ಗೋಡೆಗೂ ನಡುವೆ ನೆಲದ ಮೇಲೆ, ಮೊಣಕಾಲು ಅಪ್ಪಿಕೊಂಡು. ನಿಮ್ಮ ಗೋಡೆಯೂ ಬೂದು, ನಿಮ್ಮ ಸಮವಸ್ತ್ರವೂ ಬೂದು ಎಂದು ಸಮಾಧಾನ ಮಾಡಿಕೊಳ್ಳುತ್ತೇನೆ. "ಗುಬ್ಬೀ" ಅಂತ ಕೂಗಿದೆ. ಅವಳು ತಿರುಗಿ ಹಿಂದೆ ನೋಡಿದಳು. ನಾನು ಇನ್ಯಾರನ್ನೋ ಕರೆಯುತ್ತಿದ್ದೇನೆ ಅಂದುಕೊಂಡಳು.

ಮನೆಗೆ ಬಂದು ಇಷ್ಟು ದಿನವಾದರೂ ಕರೆದರೆ ಓಗೊಡುವುದಿಲ್ಲ. ತಟ್ಟೆ ಹಾಕಿದರೆ, ಯಾರಿಗೆ ಎಂಬಂತೆ ನೋಡುತ್ತಾಳೆ.

"ಮಕ್ಕಳ ತಮಾಷೆ, ದೊಡ್ಡದು ಮಾಡ್ಬೇಡಿ" ಅಂದಿರಿ. ದೊಡ್ಡದು ಮಾಡಿದವಳು ನಾನಲ್ಲ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಕೂಗಾಡಬೇಡಿ, ಅದರಿಂದ ಏನೂ ಆಗುವುದಿಲ್ಲ. ಒಬ್ಬೊಬ್ಬಳನ್ನೇ ಕೂರಿಸಿಕೊಂಡು ಕೇಳಿ. ಅವರ ಮನೆಯವರನ್ನು ಕರೆಸಿ. ಸಂಜೆ ಎಣಿಸುವಾಗ ತಲೆಯೆತ್ತಿ ಮುಖ ನೋಡಿ. ನಿಮ್ಮಿಂದ ಆಗದಿದ್ದರೆ ತಿಳಿಸಿ, ನಿಮ್ಮ ಮೇಲಿನವರ ಬಾಗಿಲು ಎಲ್ಲಿದೆಯೆಂದು ನನಗೆ ಗೊತ್ತು.

ಗುಬ್ಬಿಯ ತಾಯಿ


ಅಕ್ಟೋಬರ್ ೬

ಗುಬ್ಬಿ,

ನಾನು ಕನ್ನಡಕ. ಹರಿದು ಬಿಸಾಕಬೇಡ, ಪೂರ್ತಿ ಓದು.

ನಿನ್ನ ಅಮ್ಮನ ಪತ್ರ ಬಂದ ಮೇಲೆ ವಾರ್ಡನ್ ಎಲ್ಲರನ್ನೂ ಕರೆದು ಬೈದರು. ಎಲ್ಲರಿಂದಲೂ ತಪ್ಪಾಯಿತು ಅಂತ ಬರೆಸಿಕೊಂಡರು. ಎಲ್ಲರಿಗಿಂತ ಚೆನ್ನಾಗಿ ಅತ್ತವಳು ಮಾನಿಟರ್. ಒಂದು ವಾರ ಎಲ್ಲ ಸರಿಯಿತ್ತು.

ಆಮೇಲೆ ಎಣಿಕೆ ಕೆಟ್ಟಿತು. ಮೇಡಂ ಈಗ ಮುಖ ನೋಡಿ ಬೆರಳು ಮಾಡಿ ಎಣಿಸುತ್ತಾರೆ. ಹಾಗೆ ಎಣಿಸಿದರೆ ನೀನಿಲ್ಲ, ಒಂದು ಕಡಿಮೆ. ಆದರೆ ನಾವು ಬಾಯಲ್ಲಿ ಕೂಗಿದರೆ ಪೂರ್ತಿ ಬರುತ್ತದೆ. ನಾನು ಹನ್ನೊಂದು ಅನ್ನಬೇಕು ಅಂತ ಬಾಯಿ ತೆರೆಯುವಷ್ಟರಲ್ಲಿ ಹನ್ನೊಂದು ಆಗಿಬಿಟ್ಟಿರುತ್ತದೆ, ನಾನು ಹನ್ನೆರಡು ಅನ್ನಬೇಕಾಗುತ್ತದೆ. "ಹನ್ನೊಂದು ಅಂದೋರು ಯಾರು?" ಅಂತ ಮೇಡಂ ಕಿರುಚಿದರು. ಯಾರೂ ಅಂದಿರಲಿಲ್ಲ. ಎಲ್ಲರಿಗೂ ಕೇಳಿಸಿತ್ತು.

ನಿನ್ನ ಮಂಚವನ್ನು ಯಾರೂ ತೆಗೆದುಕೊಂಡಿಲ್ಲ. ಭಾನುವಾರ ಮಧ್ಯಾಹ್ನ ಎಲ್ಲರೂ ಮಲಗಿ ಎದ್ದಾಗ ಅದರ ಹಾಸು ಸುಕ್ಕಾಗಿರುತ್ತದೆ. ಮಾನಿಟರ್ ಎಳೆದು ಸರಿಮಾಡುತ್ತಾಳೆ. ಈಗ ಆ ಕಡೆ ಬೆನ್ನು ಹಾಕಿ ಅವಳು ಮಲಗುವುದಿಲ್ಲ.

ಈಗ ನಾನು ಇಲ್ಲ. ಯಾವಾಗ ಶುರುವಾಯಿತೋ, ಯಾರು ಹೇಳಿದರೋ ಗೊತ್ತಿಲ್ಲ. ಮಾನಿಟರ್ ಹೇಳಿದ ಹಾಗೆ ನನಗೆ ಅನ್ನಿಸುವುದಿಲ್ಲ. ಯಾರೂ ಹೇಳದೆಯೇ ಶುರುವಾಯಿತು. ಯಾರಾದರೂ ಒಬ್ಬರು ಇಲ್ಲದೆ ಈ ಕೋಣೆಗೆ ಇರಲು ಬರುವುದಿಲ್ಲವೇನೋ.

ನಿನ್ನ ಅಮ್ಮನಿಗೆ ಆ ಪತ್ರ ಬರೆದದ್ದು ನಾನು. ಅಕ್ಷರ ಚೆನ್ನಾಗಿದೆ ಅಂತ ನನಗೇ ಕೊಟ್ಟರು. ಬರೆಯುವಾಗ ನೀನು ಪಕ್ಕದಲ್ಲೇ ಕೂತು ನೋಡುತ್ತಿದ್ದೆ. ನನಗೆ ನೀನು ಕಾಣುತ್ತಿದ್ದೆ ಗುಬ್ಬಿ. ಪ್ರತಿ ದಿನವೂ ಕಾಣುತ್ತಿದ್ದೆ.

ಕನ್ನಡಕ


ಅಕ್ಟೋಬರ್ ೧೫

ಕನ್ನಡಕ,

ಹರಿಯಬೇಕು ಅನ್ನಿಸಿತು. ಹರಿಯಲಿಲ್ಲ.

ನಮ್ಮ ಅಣೆಕಟ್ಟಿನ ಗೋಡೆಯೊಳಗೆ ಒಂದು ಸುರಂಗವಿದೆ, ನೀರು ಎಲ್ಲಿ ಜಿನುಗುತ್ತಿದೆ ಅಂತ ನೋಡುವುದಕ್ಕೆ. ಅಮ್ಮ ಬೆಳಿಗ್ಗೆ ಟಾರ್ಚು ಹಿಡಿದು ಒಂದು ಸುತ್ತು ಹೋಗಿಬರುತ್ತಾಳೆ. ಮನೆಯಲ್ಲಿ ಒಬ್ಬಳನ್ನೇ ಬಿಡಲು ಹೆದರಿ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದಳು. ಒಂದು ದಿನ ನಡುದಾರಿಯಲ್ಲಿ ಟಾರ್ಚು ಕೆಟ್ಟಿತು. ಕಣ್ಣು ಬಿಟ್ಟರೂ ಮುಚ್ಚಿದರೂ ಒಂದೇ. ಗೋಡೆಯಾಚೆ ಅಷ್ಟೂ ನೀರು ಒತ್ತಿಕೊಂಡು ನಿಂತಿರುವುದು ಅಂಗೈಗೆ ಗೊತ್ತಾಗುತ್ತದೆ. ಅಮ್ಮ ಟಾರ್ಚನ್ನು ಕುಟ್ಟುತ್ತಾ ಬೈಯುತ್ತಿದ್ದಳು. ಆಮೇಲೆ ಅವಳ ಸದ್ದೂ ನಿಂತಿತು. ಅವಳು ಇದ್ದಾಳೋ ಇಲ್ಲವೋ ತಿಳಿಯಲಿಲ್ಲ. "ಅಮ್ಮಾ, ಇದ್ದೀಯಾ?" ಅಂತ ನನ್ನ ಬಾಯಿಂದ ಬಂತು. ಎಷ್ಟೋ ವಾರಗಳ ಮೇಲೆ ನಾನು ಆಡಿದ ಮೊದಲ ಮಾತು ಅದು. ಉತ್ತರ ಬರುವವರೆಗಿನ ಆ ಚೂರು ಹೊತ್ತಿನಲ್ಲಿ ನಾನು ಸತ್ತೇ ಹೋದೆ. "ಇದ್ದೀನಿ ಕಣೇ" ಅಂದಳು. ಅಳುತ್ತಿದ್ದಳು. ಅದಕ್ಕೇ ಸುಮ್ಮನಾಗಿದ್ದಳು.

ನಿನ್ನ ಮೇಲೆ ನನಗೆ ಸಿಟ್ಟಿದೆ. ಅದು ಹೋಗಿಲ್ಲ, ಹೋದಾಗ ಹೇಳುತ್ತೇನೆ. ಆದರೆ ಇಲ್ಲದವರ ಮೇಲೆ ಯಾರೂ ಸಿಟ್ಟಾಗುವುದಿಲ್ಲ. ನೀನಿದ್ದೀಯ.

ನಾನು ಬರುತ್ತಿದ್ದೇನೆ. ಬಂದು ನಿನ್ನನ್ನು ಎಲ್ಲರ ಎದುರಿಗೆ ಜೋರಾಗಿ ಕರೆಯುತ್ತೇನೆ, ನೀನು ಜೋರಾಗಿ ಓಗೊಡಬೇಕು. ಉಳಿದವರಿಗೆ ಏನು ಕೇಳಿಸುತ್ತದೋ ಕೇಳಿಸಲಿ.

ಗುಬ್ಬಿ


ಅಕ್ಟೋಬರ್ ೨೮

ಗುಬ್ಬೀ,

ನಿನ್ನನ್ನು ಬಿಟ್ಟು ಬಂದದ್ದು ಸರಿಯೋ ತಪ್ಪೋ ಗೊತ್ತಾಗುತ್ತಿಲ್ಲ. ನೀನೇ ಹಟ ಹಿಡಿದೆ. ಗೆಲ್ಲಲೇಬೇಕು ಅಂತ ಅಲ್ಲಿ ಇರಬೇಡ. ಹೋದ ಬಸ್ಸೇ ವಾಪಸ್ಸೂ ಬರುತ್ತದೆ. ವಾರಕ್ಕೆರಡು ಸಲ ನಾನೇ ಫೋನು ಮಾಡುತ್ತೇನೆ. ನಿನ್ನ ದನಿ ಕೇಳದೆ ಇಡುವುದಿಲ್ಲ ಅಂತ ವಾರ್ಡನ್‌ಗೆ ಹೇಳಿದ್ದೇನೆ. ಈಗ ಅವರು ಫೋನಿಗೂ ಎದ್ದು ನಿಲ್ಲುವ ಹಾಗೆ ಕಾಣುತ್ತದೆ!

ಅಮ್ಮ


ನವೆಂಬರ್ ೧೯

ಅಮ್ಮಾ,

ಫೋನಿನಲ್ಲಿ ಹೇಳಲಾಗದ್ದನ್ನು ಬರೆಯುತ್ತೇನೆ.

ಬಂದ ದಿನ ಊಟದ ಮನೆಯ ಬಾಗಿಲಲ್ಲೇ ನಿಂತು "ಏಯ್ ಕನ್ನಡಕಾ!" ಅಂತ ಕೂಗಿದೆ. ಅವಳು ಒಂದು ಮೂಲೆಯಲ್ಲಿ ನಿಂತುಕೊಂಡೇ ಉಣ್ಣುತ್ತಿದ್ದಳು. "ಏನೇ ಗುಬ್ಬಿ!" ಅಂದಳು. ದನಿ ಒಡೆದಿತ್ತು, ಆದರೂ ಅಂದಳು. ಇಬ್ಬರೂ ನಡು ಮೇಜಿಗೆ ಹೋಗಿ ಕೂತು ಬಾಯಿಗೆ ಬಂದದ್ದನ್ನೆಲ್ಲ ಮಾತಾಡಿದೆವು. ಸುತ್ತ ಚಮಚದ ಸದ್ದೂ ಇರಲಿಲ್ಲ. ದಿನಾ ಹಾಗೇ ಮಾಡಿದೆವು. ಒಂದು ವಾರದ ಮೇಲೆ ಎದುರು ಕೂತಿದ್ದವಳೊಬ್ಬಳು ನಮ್ಮ ಯಾವುದೋ ಮಾತಿಗೆ ತಡೆಯಲಾರದೆ ನಕ್ಕುಬಿಟ್ಟಳು. ನಕ್ಕ ಮೇಲೆ ಹೆದರಿ ಬಾಯಿ ಮುಚ್ಚಿಕೊಂಡಳು. ಏನೂ ಆಗಲಿಲ್ಲ. ಮಾರನೇ ದಿನ ಇಬ್ಬರು, ಆಮೇಲೆ ಇನ್ನೂ ಕೆಲವರು. ಹೂವಿನ ಲೋಟವನ್ನು ಯಾರು ತೆಗೆದರೋ, ಈಗ ಇಲ್ಲ. ಎಣಿಕೆಯೂ ಸರಿ ಬರುತ್ತಿದೆ.

ಎಲ್ಲ ಮುಗಿಯಿತು ಅಂದುಕೊಂಡಿದ್ದೆ.

ನಿನ್ನೆ ಮಧ್ಯಾಹ್ನ ಕೋಣೆಯಲ್ಲಿ ಎಲ್ಲರೂ ಇದ್ದೆವು. ಮಾನಿಟರ್ ತನ್ನ ಮಂಚದ ಹತ್ತಿರ ಏನೋ ಹುಡುಕುತ್ತಿದ್ದಳು. "ನನ್ನ ಬಾಚಣಿಗೆ ನೋಡಿದ್ರಾ ಯಾರಾದ್ರೂ?" ಅಂತ ಅವಳ ಮೆಲ್ಲನೆಯ ದನಿಯಲ್ಲಿ ಕೇಳಿದಳು. ಯಾರೂ ಮಾತಾಡಲಿಲ್ಲ. ಇನ್ನೊಮ್ಮೆ ಕೇಳಿದಳು. ಪುಸ್ತಕದ ಹಾಳೆ ತಿರುಗಿದ ಸದ್ದು, ಅಷ್ಟೇ. ಆಗ ನೋಡಿದೆ ಅಮ್ಮ. ಎಲ್ಲರ ಕಣ್ಣೂ ಅವಳ ಮೇಲೆ ಹೋಗಿ, ನಿಲ್ಲದೆ, ಹಿಂದಿನ ಗೋಡೆಗೆ ಹೋಗುತ್ತಿತ್ತು. ಕನ್ನಡಕದ ಕಣ್ಣೂ ಕೂಡ. ಯಾವಾಗಿನಿಂದ ಹೀಗೆ? ನಾನು ಗಮನಿಸಿಯೇ ಇರಲಿಲ್ಲ. ನಾನು ಅವಳ ಜೊತೆ ಕೊನೆಗೆ ಮಾತಾಡಿದ್ದು ಯಾವಾಗ? ನೆನಪಾಗಲಿಲ್ಲ.

ಆಮೇಲೆ ಒಬ್ಬೊಬ್ಬರೇ ನನ್ನ ಕಡೆ ತಿರುಗಿದರು. ನಾನು ಏನು ಮಾಡುತ್ತೇನೆ ಅಂತ ಕಾದರು. ಸುಳ್ಳು ಹೇಳುವುದಿಲ್ಲ, ಬಾಯಿ ತುಂಬ ಸಿಹಿ ತುಂಬಿಕೊಂಡ ಹಾಗಾಯಿತು. ನಾನು ಮಾಡಬೇಕಾದದ್ದು ಏನೂ ಇರಲಿಲ್ಲ. ಸುಮ್ಮನೆ ಕೂತಿದ್ದರೆ ಸಾಕಿತ್ತು.

ಬಾಚಣಿಗೆ ಅವಳ ದಿಂಬಿನ ಮೇಲೇ ಇತ್ತು. ಅವಳ ಕಣ್ಣೆದುರಿಗೇ. ಅವಳಿಗೆ ಕಾಣುತ್ತಿರಲಿಲ್ಲ.

"ನಿನ್ನ ದಿಂಬಿನ ಮೇಲೇ ಇದೆ ನೋಡು" ಅಂದೆ.

ಅವಳು ಬೆಚ್ಚಿ ತಲೆಯೆತ್ತಿದಳು. ಬಾಗಿಲು ನೋಡಿದಳು, ಕಿಟಕಿ ನೋಡಿದಳು, ನನ್ನನ್ನು ದಾಟಿ ಗೋಡೆ ನೋಡಿದಳು. ಮುಖ ಸುಣ್ಣದ ಹಾಗಾಗಿತ್ತು. "ಯಾರು?" ಅಂದಳು. "ಯಾರು ಮಾತಾಡಿದ್ದು?"

ತಮಾಷೆ ಅಲ್ಲ ಅಮ್ಮ. ಅವಳಿಗೆ ನಿಜವಾಗಿಯೂ ನಾನು ಕಾಣುತ್ತಿರಲಿಲ್ಲ.

ನನಗೆ ಓಡಿಹೋಗಬೇಕು ಅನ್ನಿಸಿತು. ಎದ್ದು ಅವಳ ಹತ್ತಿರ ಹೋದೆ. ಬಾಚಣಿಗೆ ಎತ್ತಿ ಅವಳ ಕೈಯೊಳಗೆ ಇಟ್ಟು, ಬೆರಳುಗಳನ್ನು ಮಡಿಸಿ, ಹಾಗೇ ಹಿಡಿದುಕೊಂಡೆ. ಮಂಜುಗಡ್ಡೆಯಂಥ ಕೈ. "ನಾನು ಕಣೇ" ಅಂದೆ. "ಇಲ್ಲೇ ಇದ್ದೀನಿ. ನೀನೂ ಇದ್ದೀಯ."

ಅವಳು ನನ್ನ ಮುಖ ಹುಡುಕುತ್ತಾ ಇದ್ದಳು. ತುಂಬ ಹೊತ್ತು ಹಿಡಿಯಿತು. ನಾನು ಕೈ ಬಿಡಲಿಲ್ಲ.

ನಿನ್ನ
ಗುಬ್ಬಿ